ಕೈಗೆ ಬಂದ 40 ಎಕರೆ ಕೈತಪ್ಪಿದ್ದು ಹೇಗೆ

ನಮ್ಮ ಕಡೆ ಜಮೀನಿನ ಮಾತು ಬಂದರೆ ಹಿರಿಯರು ಮೊದಲು ಕೇಳುವುದು ಒಂದೇ: "ಪಹಣಿ ಯಾರ ಹೆಸರಲ್ಲಿದೆ?" ಉಳುತ್ತಿರುವವರು ಯಾರು, ಎಷ್ಟು ವರ್ಷದಿಂದ ಉಳುತ್ತಿದ್ದಾರೆ, ಬೇಲಿ ಹಾಕಿದವರು ಯಾರು, ಇವೆಲ್ಲ ಆಮೇಲಿನ ಮಾತು. ಅಮೆರಿಕದ ಅಂತರ್ಯುದ್ಧ ಮುಗಿದಾಗ ಗುಲಾಮಗಿರಿಯಿಂದ ಬಿಡುಗಡೆಯಾದ ಜನರಿಗೆ ಜಮೀನು ಸಿಕ್ಕ ಕತೆಯನ್ನು ಓದುತ್ತಿದ್ದಾಗ ನನಗೆ ಮತ್ತೆ ಮತ್ತೆ ಈ ಪ್ರಶ್ನೆಯೇ ನೆನಪಾಗುತ್ತಿತ್ತು.

"40 ಎಕರೆ, ಒಂದು ಹೇಸರಗತ್ತೆ" ಅನ್ನುವ ಮಾತನ್ನು ನೀವು ಎಲ್ಲೋ ಕೇಳಿರಬಹುದು. ಅಮೆರಿಕದಲ್ಲಿ ಅದು ಮುರಿದ ಮಾತಿಗೆ ಇನ್ನೊಂದು ಹೆಸರು. ಗುಲಾಮಗಿರಿಗೆ ಪರಿಹಾರ ಕೊಡುವ ಬಗ್ಗೆ ಪರಿಶೀಲಿಸಬೇಕು ಅಂತ ಜಾನ್ ಕಾನ್ಯರ್ಸ್ ಅನ್ನುವ ಸಂಸದರು 1989ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಒಂದು ಮಸೂದೆ ತಂದರು. ಮುಂದಿನ ವರ್ಷಗಳಲ್ಲಿ ಅದನ್ನು ಮತ್ತೆ ಮಂಡಿಸಿದಾಗ 40 ಅನ್ನುವ ಸಂಖ್ಯೆ ಕೊಟ್ಟಿದ್ದೂ ಈ 40 ಎಕರೆಯ ನೆನಪಿಗೇ. ಆದರೆ ಒಂದು ತಪ್ಪು ತಿಳಿವಳಿಕೆ ಇದೆ. ಕೊಡುತ್ತೇವೆ ಅಂದು ಕೊಡದೆ ಹೋದರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಜಮೀನು ಕೊಟ್ಟಿದ್ದರು. ಜನ ಹೋಗಿ ನೆಲೆಸಿದ್ದರು, ಬಿತ್ತಿದ್ದರು, ಬೆಳೆದಿದ್ದರು. ಆಮೇಲೆ ಕಿತ್ತುಕೊಂಡರು. ಹೇಗೆ ಕಿತ್ತುಕೊಳ್ಳಲು ಸಾಧ್ಯವಾಯಿತು ಅನ್ನುವುದು ಗೊತ್ತಾದರೆ ಕತೆಯ ಮುಕ್ಕಾಲು ಪಾಲು ಅರ್ಥವಾದಂತೆ.

1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ನಡೆಯಿತು. ದಕ್ಷಿಣದ ಬದುಕೆಲ್ಲ ನಿಂತಿದ್ದು ಗುಲಾಮರ ದುಡಿಮೆಯ ಮೇಲೆ. ಯುದ್ಧಕ್ಕೆ ಮುಂಚೆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ನಮ್ಮ ಕತೆ ನಡೆಯುವುದು ಸೌತ್ ಕೆರೊಲಿನಾ ಮತ್ತು ಜಾರ್ಜಿಯಾ ರಾಜ್ಯಗಳ ಕಡಲಂಚಿನಲ್ಲಿ. ಅಲ್ಲಿ ಸಮುದ್ರಕ್ಕೆ ಅಂಟಿಕೊಂಡಂತೆ ಸಾಲುಸಾಲು ದ್ವೀಪಗಳಿವೆ. ದ್ವೀಪಗಳಲ್ಲಿ ಉದ್ದ ಎಳೆಯ, ಬೆಲೆಬಾಳುವ ಹತ್ತಿ. ಒಳಗಡೆ ನದಿಗಳ ಪಕ್ಕದ ತಗ್ಗು ನೆಲದಲ್ಲಿ ಭತ್ತ. ಉಬ್ಬರ ಬಂದಾಗ ನದಿ ನೀರನ್ನು ಗದ್ದೆಗೆ ಬಿಟ್ಟುಕೊಂಡು, ಇಳಿತದಲ್ಲಿ ಹೊರಗೆ ಬಿಡಬೇಕು. ಅದಕ್ಕೆ ಮೈಲುಗಟ್ಟಲೆ ಏರಿ, ಮರದ ತೂಬು. ಅವನ್ನೆಲ್ಲ ಕಟ್ಟಿದ್ದು ಗುಲಾಮರು. ಪಶ್ಚಿಮ ಆಫ್ರಿಕಾದಲ್ಲಿ ಭತ್ತ ಬೆಳೆದು ಗೊತ್ತಿದ್ದ ಜನ ಅವರು. ಕೆಸರಿನಲ್ಲಿ ನಿಂತು ಆ ಏರಿ ಹಾಕಿದವರ ಮಕ್ಕಳು, ಮೊಮ್ಮಕ್ಕಳು "ಈ ನೆಲ ನಮ್ಮದು" ಅಂದಿದ್ದರಲ್ಲಿ ಏನು ಆಶ್ಚರ್ಯ?

ಒಂದು ಸಂಜೆಯ ಸಭೆ

1864ರ ಕೊನೆಯಲ್ಲಿ ಉತ್ತರದ ಜನರಲ್ ವಿಲಿಯಂ ಶೆರ್ಮನ್ ಅಟ್ಲಾಂಟಾದಿಂದ ಹೊರಟು, ಜಾರ್ಜಿಯಾವನ್ನು ಸೀಳಿಕೊಂಡು, ಡಿಸೆಂಬರ್ 21ಕ್ಕೆ ಕಡಲ ತೀರದ ಸವಾನ್ನಾ ಪಟ್ಟಣ ಹಿಡಿದ. ದಾರಿಯುದ್ದಕ್ಕೂ ಸಾವಿರಾರು ಗುಲಾಮರು ಎಸ್ಟೇಟುಗಳನ್ನು ಬಿಟ್ಟು ಸೈನ್ಯದ ಹಿಂದೆ ಹೊರಟರು. ಕಂಕುಳಲ್ಲಿ ಕೂಸು, ತಲೆ ಮೇಲೆ ಗಂಟು. ಶೆರ್ಮನ್‌ಗೆ ಇವರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಸೈನ್ಯದ ಓಟಕ್ಕೆ ಇವರು ಭಾರ ಅನ್ನುವುದು ಅವನ ಲೆಕ್ಕ.

ಡಿಸೆಂಬರ್ 9ರಂದು ಎಬೆನೀಜರ್ ಹಳ್ಳದ ಹತ್ತಿರ ನಡೆದದ್ದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಶೆರ್ಮನ್‌ನ ಒಂದು ದಳ ದೋಣಿಗಳನ್ನು ಜೋಡಿಸಿ ಸೇತುವೆ ಮಾಡಿ ಹಳ್ಳ ದಾಟಿತು. ಹಿಂದೆ ಬರುತ್ತಿದ್ದ ಜನ ದಾಟುವ ಮುಂಚೆಯೇ ಸೇತುವೆ ಎಳೆದುಕೊಳ್ಳಲು ಆ ದಳದ ಜನರಲ್ ಹೇಳಿದ. ಬೆನ್ನಿಗೆ ದಕ್ಷಿಣದ ಕುದುರೆ ಸವಾರರು, ಎದುರಿಗೆ ಚಳಿಗಾಲದ ತುಂಬಿದ ಹಳ್ಳ. ಜನ ನೀರಿಗೆ ಹಾರಿದರು. ಎಷ್ಟೋ ಜನ ಮುಳುಗಿ ಸತ್ತರು. ಉಳಿದವರಲ್ಲಿ ಹಲವರು ಮತ್ತೆ ಹಳೆಯ ಯಜಮಾನರ ಕಡೆಯವರ ಕೈಗೆ ಸಿಕ್ಕಿದರು. ಸುದ್ದಿ ರಾಜಧಾನಿ ಮುಟ್ಟಿತು. ಯುದ್ಧ ಮಂತ್ರಿ ಎಡ್ವಿನ್ ಸ್ಟಾಂಟನ್ ಸ್ವತಃ ಸವಾನ್ನಾಕ್ಕೆ ಬಂದರು.

1865ರ ಜನವರಿ 12ರ ಸಂಜೆ, ಶೆರ್ಮನ್ ಉಳಿದುಕೊಂಡಿದ್ದ ಮನೆಯ ಮಹಡಿಯಲ್ಲಿ ಒಂದು ಸಭೆ ಸೇರಿತು. ಒಂದು ಕಡೆ ಮಂತ್ರಿ, ಜನರಲ್. ಇನ್ನೊಂದು ಕಡೆ 20 ಜನ ಕಪ್ಪು ಪಾದ್ರಿಗಳು, ಚರ್ಚಿನ ಹಿರಿಯರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿದ್ದವರೇ. ಎಲ್ಲರ ಪರವಾಗಿ ಮಾತಾಡಲು ಅವರು ಆರಿಸಿದ್ದು ಗ್ಯಾರಿಸನ್ ಫ್ರೇಜಿಯರ್ ಅವರನ್ನು. 67 ವಯಸ್ಸು. ಎಂಟು ವರ್ಷ ಹಿಂದೆ ಚಿನ್ನ ಬೆಳ್ಳಿಯಲ್ಲಿ 1,000 ಡಾಲರ್ ಎಣಿಸಿಕೊಟ್ಟು ತಮ್ಮನ್ನೂ ತಮ್ಮ ಹೆಂಡತಿಯನ್ನೂ ಬಿಡಿಸಿಕೊಂಡಿದ್ದರು. ತನ್ನನ್ನು ತಾನೇ ಕೊಂಡುಕೊಂಡ ಮನುಷ್ಯ. ಆ ಮಾತನ್ನು ಬರೆಯುವಾಗಲೇ ಕೈ ತಡೆಯುತ್ತದೆ.

ಗುಲಾಮಗಿರಿ ಅಂದರೆ ಏನು ಅಂತ ಮಂತ್ರಿ ಕೇಳಿದರು. ಇನ್ನೊಬ್ಬನ ದುಡಿಮೆಯನ್ನು ಅವನ ಒಪ್ಪಿಗೆ ಇಲ್ಲದೆ, ಎದುರಿಸಲಾಗದ ಬಲದಿಂದ ತೆಗೆದುಕೊಳ್ಳುವುದು ಅಂದರು ಫ್ರೇಜಿಯರ್. ಬಿಡುಗಡೆ ಅಂದರೆ? ನಮ್ಮ ದುಡಿಮೆಯ ಫಲ ನಮಗೇ ಸಿಗುವ ಕಡೆ ನಮ್ಮನ್ನು ನಿಲ್ಲಿಸುವುದು. ನಿಮ್ಮನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಅಂತ ಕೇಳಿದ್ದಕ್ಕೆ ಬಂದ ಉತ್ತರ ಸರಳವಾಗಿತ್ತು: ನಮಗೆ ನೆಲ ಬೇಕು, ನಮ್ಮ ಕೈಯಿಂದ ನಾವೇ ಅದನ್ನು ಉಳಬೇಕು, ನಮ್ಮದೇ ಆಗುವಂತೆ ಕೊಳ್ಳಲು ಶಕ್ತಿ ಬರುವವರೆಗೆ. ಗಮನಿಸಿ, ಪುಕ್ಕಟೆ ಕೊಡಿ ಅಂತ ಅವರು ಕೇಳಲಿಲ್ಲ.

ಬಿಳಿಯರ ನಡುವೆ ಇರುತ್ತೀರೋ, ನಿಮ್ಮಷ್ಟಕ್ಕೆ ಇರುತ್ತೀರೋ ಅನ್ನುವುದು ಇನ್ನೊಂದು ಪ್ರಶ್ನೆ. ನಮ್ಮಷ್ಟಕ್ಕೇ ಇರುತ್ತೇವೆ, ಇಲ್ಲಿ ನಮ್ಮ ಮೇಲಿರುವ ತಾತ್ಸಾರ ಹೋಗಲು ವರ್ಷಗಳೇ ಬೇಕು ಅಂದರು ಫ್ರೇಜಿಯರ್. 26 ವರ್ಷದ ಜೇಮ್ಸ್ ಲಿಂಚ್ ಒಬ್ಬರು ಮಾತ್ರ ಒಪ್ಪಲಿಲ್ಲ. ಬೇರೆ ಇರಬಾರದು, ಕೂಡಿ ಬಾಳಬೇಕು ಅಂದರು. ಉಳಿದವರೆಲ್ಲ ಹಿರಿಯರ ಮಾತಿಗೇ ನಿಂತರು. ಆಮೇಲೆ ಮಂತ್ರಿ ಶೆರ್ಮನ್‌ನನ್ನು ಹೊರಗೆ ಕಳಿಸಿ, ಈ ಜನರಲ್ ಬಗ್ಗೆ ನಿಮ್ಮ ಜನಕ್ಕೆ ಏನನ್ನಿಸುತ್ತದೆ ಅಂತ ಕೇಳಿದರು. ಫ್ರೇಜಿಯರ್ ಒಳ್ಳೆಯ ಮಾತನ್ನೇ ಆಡಿದರು. ಆ ಸಭೆಯ ಮಾತುಕತೆಯನ್ನು ಬರೆದಿಟ್ಟಿದ್ದರಿಂದ ಇವತ್ತು ನಾವು ಅದನ್ನು ಓದಬಹುದು.

ನಾಲ್ಕೇ ದಿನಕ್ಕೆ, ಜನವರಿ 16ಕ್ಕೆ, ಶೆರ್ಮನ್ ಆದೇಶ ಹೊರಡಿಸಿದ. ಸೇನೆಯ ಕಡತದಲ್ಲಿ ಅದು ವಿಶೇಷ ಆದೇಶ ಸಂಖ್ಯೆ 15. ಚಾರ್ಲ್‌ಸ್ಟನ್‌ನಿಂದ ದಕ್ಷಿಣಕ್ಕಿರುವ ದ್ವೀಪಗಳು, ಕಡಲಿಂದ 30 ಮೈಲಿವರೆಗಿನ ನದಿಗಳ ಪಕ್ಕದ ಪಾಳುಬಿದ್ದ ಭತ್ತದ ಗದ್ದೆಗಳು, ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯ ಬದಿಯ ನೆಲ, ಇಷ್ಟನ್ನೂ ಬಿಡುಗಡೆಯಾದ ಜನರಿಗೆ ಅಂತ ಮೀಸಲಿಟ್ಟರು. ಒಂದು ಕುಟುಂಬಕ್ಕೆ ಉಳಬಹುದಾದ ನೆಲ 40 ಎಕರೆ ಮೀರದಂತೆ. ಹೊಳೆಬದಿಯ ಜಮೀನಾದರೆ ನೀರಿಗೆ ತಾಗುವ ಅಂಚು 800 ಅಡಿ ಮೀರುವಂತಿಲ್ಲ, ಎಲ್ಲರಿಗೂ ನೀರು ಸಿಗಬೇಕಲ್ಲ. ಸೇನೆಯವರನ್ನು ಬಿಟ್ಟು ಬೇರೆ ಬಿಳಿಯರು ಅಲ್ಲಿ ನೆಲೆಸುವಂತಿಲ್ಲ. ಹೇಸರಗತ್ತೆಯ ಸುದ್ದಿ ಆದೇಶದಲ್ಲಿ ಇಲ್ಲವೇ ಇಲ್ಲ. ಸೈನ್ಯಕ್ಕೆ ಬೇಡವಾದ ಪ್ರಾಣಿಗಳನ್ನು ಆಮೇಲೆ ಕೆಲವರಿಗೆ ಕೊಟ್ಟರು, ಮಾತು ಹಾಗೆ ಜೋಡಿಕೊಂಡಿತು.

40 ಎಕರೆ ಯಾಕೆ, 50 ಯಾಕಲ್ಲ? ಅಮೆರಿಕದ ಸರ್ವೆಯಲ್ಲಿ ಒಂದು ಚದರ ಮೈಲಿಗೆ 640 ಎಕರೆ. ಅದನ್ನು ನಾಲ್ಕು ಮಾಡಿದರೆ 160, ಅದರ ಕಾಲು ಭಾಗ 40. ಪ್ರತಿ ಬದಿ 1,320 ಅಡಿ ಇರುವ ಚೌಕ. ಅಳೆಯುವವರಿಗೂ ಬಳಕೆಯ ಲೆಕ್ಕ, ಒಂದು ಕುಟುಂಬ ಉಳುವುದಕ್ಕೂ ಆಗುವ ಅಳತೆ.

ಕಾಗದದಲ್ಲಿ ಏನಿತ್ತು

ಈಗ ಪಹಣಿಯ ಪ್ರಶ್ನೆಗೆ ಬರೋಣ. ಜನರ ಕೈಗೆ ಸಿಕ್ಕ ಕಾಗದ ಎಂಥದ್ದು?

ಅದು ಕ್ರಯಪತ್ರ ಅಲ್ಲ. ಪೂರ್ತಿ ಮಾಲೀಕತ್ವ ಕೊಡುವ ಹಕ್ಕುಪತ್ರವೂ ಅಲ್ಲ. ಅದು ಸ್ವಾಧೀನದ ಪತ್ರ. ಇಂಥವರು ಇಂಥ ಕಡೆ 40 ಎಕರೆ ಆರಿಸಿಕೊಂಡಿದ್ದಾರೆ, ಅಲ್ಲಿ ಇರಲು ಇವರಿಗೆ ಅನುಮತಿ ಇದೆ, ಯಾರೂ ಅಡ್ಡಿ ಮಾಡಬಾರದು ಅನ್ನುವುದು ಅದರ ಸಾರ. ನಮ್ಮ ಮಾತಲ್ಲಿ ಹೇಳುವುದಾದರೆ ಅನುಭವ ಇದೆ, ಖಾತೆ ಇಲ್ಲ. ಆದೇಶದೊಳಗೆ ಇನ್ನೆರಡು ಸಾಲುಗಳಿದ್ದವು. ಈ ಪತ್ರ "ಅಧ್ಯಕ್ಷರ ಒಪ್ಪಿಗೆಗೆ ಒಳಪಟ್ಟು" ಅನ್ನುವುದು ಒಂದು. ಸಂಸತ್ತು ಇವರ ಹಕ್ಕನ್ನು ಕಾನೂನಿನಿಂದ ಇತ್ಯರ್ಥ ಮಾಡುವವರೆಗೆ ಸೇನೆ ಇವರಿಗೆ ರಕ್ಷಣೆ ಕೊಡುತ್ತದೆ ಅನ್ನುವುದು ಇನ್ನೊಂದು. ಓದುವಾಗ ಸುಮ್ನೆ ಕಣ್ಣು ಜಾರಿಹೋಗುವ ಸಾಲುಗಳು. ಒಂದೇ ವರ್ಷದಲ್ಲಿ ಸಾವಿರಾರು ಮನೆಯವರನ್ನು ಒಕ್ಕಲೆಬ್ಬಿಸಿದ್ದು ಇವೇ.

ಶೆರ್ಮನ್ ಹೀಗೆ ಬರೆದಿದ್ದರಲ್ಲಿ ಮೋಸದ ಉದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ಒಬ್ಬ ಜನರಲ್‌ಗೆ ಯಾರ ಜಮೀನನ್ನೂ ಶಾಶ್ವತವಾಗಿ ಬರೆದುಕೊಡುವ ಅಧಿಕಾರ ಇರಲಿಲ್ಲ. ಯುದ್ಧ ಮತ್ತು ಸೇನೆಯ ಬಲ ಇರುವಷ್ಟು ದಿನ ನಡೆಯಲಿ ಅಂತ ಮಾಡಿದ್ದೆ ಅಂತ 1866ರಲ್ಲಿ ಅವನೇ ಬರೆದ. ಆದರೆ ಕಾಗದ ತೆಗೆದುಕೊಂಡ ಜನಕ್ಕೆ ಈ ಮಾತನ್ನು ಬಿಡಿಸಿ ಹೇಳಿದವರು ಯಾರು? ಅವರಲ್ಲಿ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು.

ಜಮೀನು ಹಂಚುವ ಕೆಲಸ ಜನರಲ್ ರೂಫಸ್ ಸ್ಯಾಕ್ಸ್‌ಟನ್ ಅವರದು. ಪ್ರಾಮಾಣಿಕ ಮನುಷ್ಯ. ಅದೇ ವರ್ಷದ ಜೂನ್ ಹೊತ್ತಿಗೆ ಸುಮಾರು 40,000 ಜನ ಸುಮಾರು 4 ಲಕ್ಷ ಎಕರೆಯಲ್ಲಿ ನೆಲೆಸಿದ್ದರು. ಸವಾನ್ನಾದ ಆ ಸಭೆಯಲ್ಲಿದ್ದ ಯುಲಿಸೀಸ್ ಹೂಸ್ಟನ್ ಅನ್ನುವ ಪಾದ್ರಿ ತಮ್ಮ ಜನರನ್ನು ಕಟ್ಟಿಕೊಂಡು ಸ್ಕಿಡವೇ ದ್ವೀಪಕ್ಕೆ ಹೋಗಿ ಊರು ಕಟ್ಟಿದರು. ಸೇಂಟ್ ಕ್ಯಾಥರೀನ್ಸ್ ದ್ವೀಪದಲ್ಲಿ ಟ್ಯುನಿಸ್ ಕ್ಯಾಂಪ್‌ಬೆಲ್ ಶಾಲೆ ತೆರೆದರು, ಊರಿಗೊಂದು ಪುಟ್ಟ ಸಂವಿಧಾನ, ಶಾಸನಸಭೆಯನ್ನೂ ಮಾಡಿದರು.

ಈ ಜನ ಏನು ಬಿತ್ತಿದರು ಅನ್ನುವುದೂ ನನಗೆ ಮುಖ್ಯ ಅನ್ನಿಸುತ್ತದೆ. ಹತ್ತಿ ಹಾಕಿ, ಒಳ್ಳೆ ಬೆಲೆ ಇದೆ ಅಂತ ಉತ್ತರದಿಂದ ಬಂದವರು ಬೆನ್ನು ಬಿದ್ದಿದ್ದರು. ಬಹಳಷ್ಟು ಜನ ಮೊದಲು ಹಾಕಿದ್ದು ಮೆಕ್ಕೆಜೋಳ, ಸಿಹಿಗೆಣಸು. ಹತ್ತಿ ಅಂದರೆ ಅವರಿಗೆ ಛಾಟಿಯ ನೆನಪು. ಜೋಳ, ಗೆಣಸು ಅಂದರೆ ಮಕ್ಕಳ ಹೊಟ್ಟೆ. ಮನೆಗೆ ಆಗುವಷ್ಟು ಕಾಳು ಕೂಡಿಟ್ಟ ಮೇಲೆ ಮಾರುವ ಬೆಳೆಯ ಯೋಚನೆ. ಯಾವ ಊರಿನ ಸಣ್ಣ ರೈತನಾದರೂ ಇದೇ ಲೆಕ್ಕ ಹಾಕುತ್ತಾನೆ, ಅಲ್ವಾ?

ಈ ನಡುವೆ, 1865ರ ಮಾರ್ಚ್ 3ರಂದು, ಸಂಸತ್ತು ಕಾನೂನು ಮಾಡಿ ಬಿಡುಗಡೆಯಾದ ಜನರಿಗೆ ಅಂತಲೇ ಒಂದು ಇಲಾಖೆ ತೆರೆಯಿತು. ಫ್ರೀಡ್‌ಮೆನ್ಸ್ ಬ್ಯೂರೋ ಅಂತ ಅದನ್ನು ಕರೆಯುತ್ತಾರೆ. ಆ ಕಾನೂನಿನಲ್ಲೂ 40 ಎಕರೆ ಇತ್ತು. ಮೂರು ವರ್ಷ ಗೇಣಿಗೆ, ಆಮೇಲೆ ಕೊಂಡುಕೊಳ್ಳುವ ಅವಕಾಶ. ಬ್ಯೂರೋದ ಮುಖ್ಯಸ್ಥರು ಜನರಲ್ ಆಲಿವರ್ ಹೋವರ್ಡ್, ಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಎಲ್ಲ ಸರಿದಾರಿಗೆ ಬರುತ್ತಿದೆ ಅನ್ನಿಸುವ ಹೊತ್ತು.

ಏಪ್ರಿಲ್ 14ರ ರಾತ್ರಿ ಲಿಂಕನ್ ಅವರಿಗೆ ಗುಂಡು ಬಿತ್ತು.

ಕ್ಷಮಾಪಣೆ ಎಂಬ ಬೀಗದಕೈ

ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಟೆನೆಸೀ ರಾಜ್ಯದವರು, ಬಡತನದಲ್ಲಿ ಬೆಳೆದ ದರ್ಜಿ. ದೊಡ್ಡ ಜಮೀನ್ದಾರರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಕಪ್ಪು ಜನ ತಮ್ಮ ಸಮ ನಿಲ್ಲುವುದು ಅದಕ್ಕಿಂತ ಆಗದ ಮಾತು. 1865ರ ಮೇ 29ರಂದು ಅವರು ಕ್ಷಮಾಪಣೆಯ ಘೋಷಣೆ ಹೊರಡಿಸಿದರು. ದೇಶದ ವಿರುದ್ಧ ಯುದ್ಧ ಮಾಡಿದವರು ನಿಷ್ಠೆಯ ಪ್ರಮಾಣ ಮಾಡಿದರೆ ಕ್ಷಮೆ. ಜೊತೆಗೆ ಅವರ ಆಸ್ತಿಯೂ ವಾಪಸ್, ಗುಲಾಮರನ್ನು ಬಿಟ್ಟು. 20,000 ಡಾಲರಿಗಿಂತ ಜಾಸ್ತಿ ಆಸ್ತಿ ಇರುವವರು ಅಧ್ಯಕ್ಷರಿಗೆ ಬೇರೆ ಅರ್ಜಿ ಹಾಕಬೇಕು. ಹಾಕಿದರು, ಸಿಕ್ಕಿತು. ಮುಂದಿನ ವರ್ಷದ ಹೊತ್ತಿಗೆ ಅಂಥ ಸುಮಾರು 7,000 ಜನಕ್ಕೆ ಕ್ಷಮೆ ಸಿಕ್ಕಿತ್ತು.

ಜಮೀನು ಕೈತಪ್ಪಿದ್ದು ಹೇಗೆ ಅನ್ನುವುದರ ಗಂಟು ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಬಿಡಿಸೋಣ.

ಜಮೀನ್ದಾರರು ಓಡಿಹೋದ ಮೇಲೆ ಸರ್ಕಾರದ ಕೈಗೆ ಬಂದ ನೆಲ ಎಲ್ಲ ಒಂದೇ ಬಗೆಯದಲ್ಲ. ಬಹುಪಾಲು ಸುಮ್ಮನೆ "ಬಿಟ್ಟುಹೋದ ಜಮೀನು". ಮಾಲೀಕ ಇಲ್ಲ, ಸೇನೆ ಹಿಡಿದುಕೊಂಡಿದೆ, ಅಷ್ಟೇ. ದಾಖಲೆಯಲ್ಲಿ ಇನ್ನೂ ಹಳೆಯ ಮಾಲೀಕನ ಹೆಸರೇ. ಇನ್ನೊಂದು ಬಗೆ ಮುಟ್ಟುಗೋಲಿನದು. 1862ರ ಕಾನೂನಿನಂತೆ ದಂಗೆ ಎದ್ದವರ ಆಸ್ತಿ ಮುಟ್ಟುಗೋಲು ಹಾಕಬಹುದಿತ್ತು. ಆದರೆ ಒಂದೊಂದಕ್ಕೂ ಕೋರ್ಟಿನಲ್ಲಿ ಪ್ರಕರಣ ನಡೆಯಬೇಕು. ಜೊತೆಗೆ ಮುಟ್ಟುಗೋಲು ಆ ಮನುಷ್ಯನ ಜೀವಿತಕಾಲಕ್ಕೆ ಮಾತ್ರ, ಮಕ್ಕಳ ಹಕ್ಕು ಹೋಗಬಾರದು ಅಂತ ಲಿಂಕನ್ ಪಟ್ಟು ಹಿಡಿದಿದ್ದರು. ಹಾಗಾಗಿ ಈ ದಾರಿಯಲ್ಲಿ ನಡೆದದ್ದು ತೀರ ಕಡಿಮೆ. ಮೂರನೆಯದು ತೆರಿಗೆ ಬಾಕಿಗೆ ಹರಾಜಾದ ಜಮೀನು. ಅದರ ಕತೆಯೇ ಬೇರೆ, ಆಮೇಲೆ ಹೇಳುತ್ತೇನೆ.

ಶೆರ್ಮನ್ ಆದೇಶದ ನೆಲ ಹೆಚ್ಚಿನಂಶ ಮೊದಲ ಬಗೆಯದು. ಓಡಿಹೋದ ಮಾಲೀಕ ಕ್ಷಮಾಪಣೆಯ ಪತ್ರ ಹಿಡಿದು ವಾಪಸ್ ಬಂದು ಬಾಗಿಲು ತಟ್ಟಿದರೆ ಅದು ಬಿಟ್ಟುಹೋದ ಜಮೀನು ಆಗಿ ಉಳಿಯುವುದಿಲ್ಲವಲ್ಲ! ಕ್ಷಮೆ ಸಿಕ್ಕ ಕ್ಷಣವೇ ಸರ್ಕಾರ ಆ ನೆಲ ಹಿಡಿದುಕೊಂಡಿದ್ದಕ್ಕೆ ಇದ್ದ ಆಧಾರ ಕುಸಿಯಿತು. ಎಲ್ಲೂ "ಕಪ್ಪು ಜನರ ಜಮೀನು ಕಿತ್ತುಕೊಳ್ಳಿ" ಅಂತ ಬರೆಯಬೇಕಾಗಿ ಬರಲಿಲ್ಲ. ಹಳೆಯ ಯಜಮಾನನನ್ನು ಕ್ಷಮಿಸಿದರೆ ಸಾಕಿತ್ತು.

ಹೋವರ್ಡ್ ತಡೆಯಲು ನೋಡಿದರು. ಜುಲೈ 28ಕ್ಕೆ ಸುತ್ತೋಲೆ 13 ಹೊರಡಿಸಿ, ಕ್ಷಮೆ ಸಿಕ್ಕಿದರೂ ಈ ಜಮೀನು ವಾಪಸ್ ಕೊಡುವಂತಿಲ್ಲ, 40 ಎಕರೆಯಂತೆ ಬೇಗ ಹಂಚಿ ಅಂದರು. ಅಧ್ಯಕ್ಷರು ಅದನ್ನು ರದ್ದು ಮಾಡಿಸಿದರು. ಸೆಪ್ಟೆಂಬರ್ 12ಕ್ಕೆ ಬಂದ ಸುತ್ತೋಲೆ 15ರಲ್ಲಿ ಎಲ್ಲ ತಲೆಕೆಳಗಾಯಿತು. ಕ್ಷಮೆ ಸಿಕ್ಕವರಿಗೆ ಜಮೀನು ವಾಪಸ್. ಈ ಸುದ್ದಿಯನ್ನು ಜನರಿಗೆ ಹೋಗಿ ಹೇಳುವ ಕೆಲಸವೂ ಹೋವರ್ಡ್ ಅವರ ತಲೆಗೇ ಬಿತ್ತು.

ಅಕ್ಟೋಬರ್ ತಿಂಗಳು, ಎಡಿಸ್ಟೊ ದ್ವೀಪದ ಚರ್ಚು. ಒಳಗೆ ಕಾಲಿಡಲು ಜಾಗ ಇಲ್ಲದಷ್ಟು ಜನ. ಹೋವರ್ಡ್ ಮಾತು ಶುರು ಮಾಡುವ ಮುಂಚೆಯೇ ಜನಕ್ಕೆ ವಿಷಯ ಗೊತ್ತಾಗಿತ್ತು. ಗದ್ದಲ ನಿಲ್ಲಲಿಲ್ಲ. ಆಗ ಒಬ್ಬ ಹೆಂಗಸು ದುಃಖದ ಭಜನೆಯೊಂದನ್ನು ಎತ್ತಿಕೊಂಡಳು. ಇಡೀ ಚರ್ಚು ದನಿಗೂಡಿಸಿತು. ಹೋವರ್ಡ್ ಹೇಗೋ ಮಾತಾಡಿದರು. ಮೇಲಿನ ಅಟ್ಟಣೆಯಿಂದ ಒಬ್ಬ ಕೂಗಿ ಕೇಳಿದ: ಜನರಲ್ ಹೋವರ್ಡ್, ನಮ್ಮ ಜಮೀನು ಯಾಕೆ ಕಿತ್ತುಕೊಳ್ಳುತ್ತೀರಿ? ಸರ್ಕಾರಕ್ಕೆ ಸದಾ ನಿಷ್ಠರಾಗಿದ್ದ ನಮ್ಮಿಂದ ಕಿತ್ತು, ಸದಾ ಶತ್ರುಗಳಾಗಿದ್ದವರಿಗೆ ಕೊಡುತ್ತೀರಾ? ಇದು ಸರಿಯಲ್ಲ. ಈ ಮಾತನ್ನು ಮುಂದೆ ತಮ್ಮ ಆತ್ಮಕತೆಯಲ್ಲಿ ಹೋವರ್ಡ್ ಅವರೇ ಬರೆದರು.

ಊರಿನವರು ಮೂವರ ಸಮಿತಿ ಮಾಡಿದರು: ಹೆನ್ರಿ ಬ್ರ್ಯಾಮ್, ಇಶ್ಮೇಲ್ ಮೋಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್. ಅವರು ಹೋವರ್ಡ್ ಅವರಿಗೂ ಅಧ್ಯಕ್ಷರಿಗೂ ಬರೆದ ಅರ್ಜಿಗಳು ಉಳಿದುಕೊಂಡಿವೆ. ಜಮೀನ್ದಾರರನ್ನು ಕ್ಷಮಿಸಿ ಅಂತ ಹೋವರ್ಡ್ ಹೇಳಿದ್ದಕ್ಕೆ ಅವರ ಉತ್ತರ ಹೀಗಿದೆ. ನೀವು ಯುದ್ಧದಲ್ಲಿ ಕಳೆದುಕೊಂಡಿದ್ದು ಬಲಗೈಯೊಂದನ್ನೇ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿ ಮತ್ತು ತಂಗಿಯ ಬಟ್ಟೆ ಬಿಚ್ಚಿಸಿ ಬಾರಿಸಿದವನು, ತನ್ನ ಗದ್ದೆಯಲ್ಲಿ ತಾನು ಹೇಳಿದ ಕೂಲಿಗೆ ದುಡಿದರೆ ಮಾತ್ರ ತನ್ನ ಖಾಲಿ ಗುಡಿಸಲಲ್ಲಿ ಇರಲು ಬಿಡುವವನು, ನನಗೆ ಸ್ವಂತ ನೆಲ ಸಿಕ್ಕರೆ ಅವನ ಸಹವಾಸಕ್ಕೇ ಹೋಗುವುದಿಲ್ಲ ಅಂತ ತಿಳಿದು, ನೆಲ ಸಿಗದಂತೆ ಇನ್ನೊಬ್ಬರ ಜೊತೆ ಸೇರಿ ಸಂಚು ಮಾಡುವವನು, ಅವನನ್ನು ಕ್ಷಮಿಸುವುದು ನನ್ನಿಂದ ಆಗದು.

ಭೂಮಿಯ ಹಂಚಿಕೆ ಬಗ್ಗೆ ದಪ್ಪ ದಪ್ಪ ಪುಸ್ತಕಗಳು ಬಂದಿವೆ. ಭೂಮಿ ಯಾಕೆ ಬೇಕು ಅನ್ನುವುದನ್ನು ಈ ಒಂದು ವಾಕ್ಯದಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಹೊಡೆದವನ ಮನೆ ಬಾಗಿಲಿಗೆ ಮತ್ತೆ ಕೂಲಿಗೆ ಹೋಗದೇ ಇರಲು ಬೇಕು.

ಕೊಟ್ಟ ಮಾತು ಮುರಿಯಲಾರೆ ಅಂದ ಸ್ಯಾಕ್ಸ್‌ಟನ್ ಅವರನ್ನು 1866ರ ಜನವರಿಯಲ್ಲಿ ಕೆಲಸದಿಂದ ತೆಗೆದರು. ಆಮೇಲೆ ಸೈನಿಕರೇ ಮನೆಮನೆಗೆ ಬಂದರು. ಮಾಲೀಕನ ಜೊತೆ ಕೂಲಿಯ ಕರಾರಿಗೆ ಹೆಬ್ಬೆಟ್ಟು ಒತ್ತಿ, ಇಲ್ಲವೇ ಜಾಗ ಖಾಲಿ ಮಾಡಿ. ಕೆಲವು ಕಡೆ ಜನ ಬಂದೂಕು ಹಿಡಿದು ಅಡ್ಡ ನಿಂತರು. ಜಮೀನು ನೋಡಲು ಬಂದ ಹಳೆಯ ಮಾಲೀಕರಿಗೆ ಒಂದು ಗುಂಪು ಹೇಳಿದ ಮಾತು ದಾಖಲಾಗಿದೆ: ಚಾರ್ಲ್‌ಸ್ಟನ್‌ಗೆ ವಾಪಸ್ ಹೋಗಿ ಏನಾದರೂ ಕೆಲಸ ಮಾಡಿ. ಬೇರೇನೂ ಬರದಿದ್ದರೆ ಸಿಂಪಿ ಆರಿಸಿ, ನಿಷ್ಠರಾದ ಜನ ಬದುಕಿದಂತೆ ಬೆವರು ಸುರಿಸಿ ಬದುಕಿ. ಆದರೆ ಸೈನ್ಯದ ಮುಂದೆ ಎಷ್ಟು ದಿನ? ಕೊನೆಗೆ 1866ರ ಜುಲೈನಲ್ಲಿ ಸಂಸತ್ತು ಅಧ್ಯಕ್ಷರ ವಿರೋಧವನ್ನು ಮೀರಿ ಒಂದು ಕಾನೂನು ತಂದು, ಶೆರ್ಮನ್ ಪತ್ರ ಇರುವವರು ಬೇರೆ ಕಡೆ 20 ಎಕರೆಯನ್ನು ಎಕರೆಗೆ ಒಂದೂವರೆ ಡಾಲರ್‌ನಂತೆ ಕೊಳ್ಳಬಹುದು ಅಂದಿತು. ಸೌತ್ ಕೆರೊಲಿನಾ, ಜಾರ್ಜಿಯಾ ಎರಡೂ ಸೇರಿ 1865ರ ಭರವಸೆಯ ಜಮೀನು ದಕ್ಕಿದ್ದು ಸುಮಾರು 2,000 ಜನಕ್ಕೆ.

ಉಳಿದುಕೊಂಡ ಜಮೀನು

ಇನ್ನು ಆ ಮೂರನೆಯ ಬಗೆ. ಸೌತ್ ಕೆರೊಲಿನಾದ ಬ್ಯೂಫರ್ಟ್ ಪಟ್ಟಣ, ಸೇಂಟ್ ಹೆಲೆನಾ ದ್ವೀಪದ ಸುತ್ತಮುತ್ತ 1861ರ ನವೆಂಬರ್‌ನಲ್ಲೇ ಉತ್ತರದ ನೌಕಾಪಡೆ ಬಂದಿತ್ತು. ಜಮೀನ್ದಾರರು ಊಟದ ತಟ್ಟೆ ಬಿಟ್ಟು ಓಡಿದ್ದರು. 1862ರ ಇನ್ನೊಂದು ಕಾನೂನಿನಂತೆ ಅವರ ಜಮೀನಿಗೆ ಕೇಂದ್ರದ ತೆರಿಗೆ ಬಿತ್ತು. ಓಡಿಹೋದವರು ಕಟ್ಟುವುದೆಲ್ಲಿ? ಬಾಕಿಗೆ ಹರಾಜು ಹಾಕಿದರು. 1863ರಿಂದ ನಡೆದ ಹರಾಜುಗಳಲ್ಲಿ ಹೆಚ್ಚಿನ ನೆಲ ಹೋಗಿದ್ದು ಸರ್ಕಾರಕ್ಕೆ, ಉತ್ತರದ ಹಣವಂತರಿಗೆ. ಆದರೆ ಬಿಡುಗಡೆಯಾದ ಜನರೂ ಚಿಲ್ಲರೆ ಕಾಸು ಕೂಡಿಸಿ, ಹತ್ತಾರು ಮನೆಯವರು ಒಟ್ಟಾಗಿ ಜಮೀನು ಹಿಡಿದರು.

ರಾಬರ್ಟ್ ಸ್ಮಾಲ್ಸ್ ಅವರದು ಇದರಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಕತೆ. 1839ರಲ್ಲಿ ಬ್ಯೂಫರ್ಟ್‌ನ ಒಂದು ದೊಡ್ಡ ಮನೆಯ ಹಿತ್ತಲಿನ ಗುಲಾಮರ ಗುಡಿಸಲಲ್ಲಿ ಹುಟ್ಟಿದವರು. 1862ರ ಮೇ 13ರ ನಸುಕಿನಲ್ಲಿ, ಕ್ಯಾಪ್ಟನ್‌ನ ಹುಲ್ಲಿನ ಟೋಪಿ ತಲೆಗಿಟ್ಟುಕೊಂಡು, ದಕ್ಷಿಣದ ಸೇನೆಯ ಹಡಗನ್ನೇ ಚಾರ್ಲ್‌ಸ್ಟನ್ ಬಂದರಿನಿಂದ ತಪ್ಪಿಸಿಕೊಂಡು ಹೋಗಿ ಉತ್ತರದವರಿಗೆ ಒಪ್ಪಿಸಿದರು. ಹಡಗಿನಲ್ಲಿ ಹೆಂಡತಿ, ಮಕ್ಕಳೂ ಇದ್ದರು. ಅದಕ್ಕೆ ಸಿಕ್ಕ ಬಹುಮಾನದ ಹಣ ಕೈಯಲ್ಲಿತ್ತು. ತಾವು ಹುಟ್ಟಿದ ಹಿತ್ತಲಿನ ಆ ದೊಡ್ಡ ಮನೆ ತೆರಿಗೆ ಬಾಕಿಗೆ ಬಂದಾಗ ಅದನ್ನು ಕೊಂಡರು. ಯುದ್ಧದ ನಂತರ ಹಳೆಯ ಮಾಲೀಕರ ಕಡೆಯವರು ಆ ಹಕ್ಕು ಹಿಡಿದು ಸ್ಮಾಲ್ಸ್ ಮೇಲೆ ಮೊಕದ್ದಮೆ ಹೂಡಿದರು. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. 1878ರಲ್ಲಿ ತೀರ್ಪು ಬಂತು: ತೆರಿಗೆ ಹರಾಜಿನಲ್ಲಿ ಕೊಂಡವರ ಹಕ್ಕು ಊರ್ಜಿತ. ಸ್ಮಾಲ್ಸ್ ಅಷ್ಟು ಹೊತ್ತಿಗೆ ಸಂಸದರಾಗಿದ್ದರು. 1915ರಲ್ಲಿ ತೀರಿಕೊಂಡಿದ್ದು ಅದೇ ಮನೆಯಲ್ಲಿ.

ಅದೇ ಕಡಲತೀರ, ಅದೇ ಯುದ್ಧ, ಓಡಿಹೋದ ಅದೇ ತರದ ಯಜಮಾನರು. ಎಡಿಸ್ಟೊದಲ್ಲಿ ಜಮೀನು ಹೋಯಿತು, ಬ್ಯೂಫರ್ಟ್‌ನಲ್ಲಿ ಉಳಿಯಿತು. ಬ್ಯೂಫರ್ಟ್‌ನವರ ಕೈಯಲ್ಲಿ ಕ್ರಯಪತ್ರ ಇತ್ತು. ಅಧ್ಯಕ್ಷರ ಯಾವ ಕ್ಷಮಾಪಣೆಯೂ ಅದನ್ನು ಅಲುಗಿಸಲಾಗಲಿಲ್ಲ.

ಹಾಗಾದರೆ ಆದೇಶದ ಜಮೀನು ಉಳಿದಿದ್ದರೆ ಎಲ್ಲ ಸರಿಹೋಗುತ್ತಿತ್ತಾ? ಲೆಕ್ಕ ನೋಡಿ. 1865ರಲ್ಲಿ ಬ್ಯೂರೋ ಕೈಯಲ್ಲಿ ಇದ್ದದ್ದು ಒಟ್ಟು ಸುಮಾರು 8.5 ಲಕ್ಷ ಎಕರೆ. 40ರಂತೆ ಹಂಚಿದರೆ 21,000 ಕುಟುಂಬಕ್ಕೆ ಆಗುತ್ತಿತ್ತು. ಬಿಡುಗಡೆಯಾದವರು 40 ಲಕ್ಷ ಜನ. ಇದು ಗೊತ್ತಿದ್ದೇ ಪೆನ್ಸಿಲ್ವೇನಿಯಾದ ಸಂಸದ ಥಡಿಯಸ್ ಸ್ಟೀವನ್ಸ್ 1865ರ ಸೆಪ್ಟೆಂಬರ್‌ನಲ್ಲಿ, ದಕ್ಷಿಣದ ಅತಿ ದೊಡ್ಡ 70,000 ಜಮೀನ್ದಾರರ ಭೂಮಿಯನ್ನೇ ಮುಟ್ಟುಗೋಲು ಹಾಕಿ ಅದರಲ್ಲಿ 40 ಎಕರೆಯಂತೆ ಕೊಡೋಣ ಅಂದರು. ಸಂಸತ್ತು ಒಪ್ಪಲಿಲ್ಲ. ಇಂದು ದಕ್ಷಿಣದ ಜಮೀನು ಹಂಚಿದರೆ ನಾಳೆ ನಮ್ಮ ಕಾರ್ಖಾನೆಗೂ ಕೈ ಹಾಕುತ್ತಾರೆ ಅನ್ನುವ ಭಯ ಉತ್ತರದ ಸಾಹುಕಾರರಿಗೆ. ಜೊತೆಗೆ ಅವರ ಗಿರಣಿಗಳಿಗೆ ಹತ್ತಿ ಬೇಕಿತ್ತು, ಗೆಣಸಲ್ಲ. ಅದರ ಬದಲು 1866ರಲ್ಲಿ ದಕ್ಷಿಣದ ಐದು ರಾಜ್ಯಗಳ ಸರ್ಕಾರಿ ನೆಲವನ್ನು ಉಚಿತವಾಗಿ ಕೊಡುವ ಕಾನೂನು ಬಂತು. ಹೆಚ್ಚಿನದು ಪೈನ್ ಕಾಡು, ಜೌಗು. ಎತ್ತಿಲ್ಲ, ನೇಗಿಲಿಲ್ಲ, ಮೊದಲ ಬೆಳೆ ಬರುವವರೆಗೆ ತಿನ್ನಲು ಕಾಳಿಲ್ಲ. ಹೋದವರಲ್ಲಿ ಬಹಳ ಜನ ಬರಿಗೈಲಿ ವಾಪಸಾದರು. ಸೌತ್ ಕೆರೊಲಿನಾ ಮಾತ್ರ 1869ರಲ್ಲಿ ತನ್ನದೇ ಭೂ ಆಯೋಗ ಮಾಡಿ ಜಮೀನು ಕೊಂಡು, ಕಂತಿನಲ್ಲಿ ಮಾರಿ, 1876ರ ಹೊತ್ತಿಗೆ ಸುಮಾರು 14,000 ಕಪ್ಪು ಕುಟುಂಬಗಳನ್ನು ನೆಲೆಗೊಳಿಸಿತು. ಅದರ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ, ಆಡಬೇಕು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. 1862ರಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ ಪರಿಹಾರ ಕೊಟ್ಟಿತ್ತು. ಒಬ್ಬ ಗುಲಾಮನಿಗೆ 300 ಡಾಲರ್‌ವರೆಗೆ. ಕೊಟ್ಟಿದ್ದು ಯಜಮಾನರಿಗೆ.

ನೆಲ ಸಿಗದ ಜನ ಏನಾದರು? ಪಾಲಿಗೆ ದುಡಿದರು. ಜಮೀನು, ಬೀಜ, ಹೇಸರಗತ್ತೆ ಎಲ್ಲ ಮಾಲೀಕನದು. ದುಡಿಮೆ ಇವರದು. ಬೆಳೆಯಲ್ಲಿ ಅರ್ಧರ್ಧ. ಸುಗ್ಗಿಯವರೆಗೆ ಹಿಟ್ಟು, ಉಪ್ಪು, ಬಟ್ಟೆ ಅಂಗಡಿಯಲ್ಲಿ ಸಾಲ. ನಗದಿಗೆ ಒಂದು ಬೆಲೆ, ಸಾಲಕ್ಕೆ ಇನ್ನೊಂದು ಬೆಲೆ. ಆ ಸಾಲಕ್ಕೆ ಒತ್ತೆ ಇನ್ನೂ ಬೆಳೆಯದ ಬೆಳೆಯೇ. ಅಂಗಡಿಯವನು ಹತ್ತಿ ಹಾಕಿದರೆ ಮಾತ್ರ ಸಾಲ ಅನ್ನುತ್ತಿದ್ದ. ವರ್ಷದ ಕೊನೆಗೆ ಲೆಕ್ಕ ನೋಡುವುದು ಮಾಲೀಕನ ಪುಸ್ತಕದಲ್ಲಿ. ಬಾಕಿ ಉಳಿದರೆ ಮುಂದಿನ ವರ್ಷವೂ ಅಲ್ಲೇ. ಮಿಸಿಸಿಪಿಯಲ್ಲಂತೂ 1865ರ ಕೊನೆಗೇ ಕಾನೂನು ಬಂದು, ಕಪ್ಪು ಜನ ಪಟ್ಟಣದ ಹೊರಗೆ ಜಮೀನನ್ನು ಗೇಣಿಗೂ ಹಿಡಿಯುವಂತಿರಲಿಲ್ಲ.

ಇಷ್ಟಾದರೂ ಜನ ಬಿಡಲಿಲ್ಲ. ಒಂದೊಂದೇ ಎಕರೆ ಕೊಳ್ಳುತ್ತಾ ಹೋದರು. ಸೇಂಟ್ ಹೆಲೆನಾದಂಥ ಕಡೆ ಹತ್ತು, ಇಪ್ಪತ್ತು ಎಕರೆಯ ಹಿಡುವಳಿಗಳು ತಲೆಮಾರಿನಿಂದ ತಲೆಮಾರಿಗೆ ಬಂದವು. ಗಲ್ಲಾ ಗೀಚೀ ಅಂತ ಕರೆಯುವ ಆ ಜನ ತಮ್ಮ ಭಾಷೆ, ಅಡುಗೆ, ಹಾಡು ಉಳಿಸಿಕೊಂಡಿದ್ದು ಆ ನೆಲದ ಮೇಲೆ ನಿಂತೇ.

ಕಾಗದದ ಕಾಟ ಮಾತ್ರ ಅಲ್ಲಿಗೂ ಬಂತು. ಅಜ್ಜ ಉಯಿಲು ಬರೆಯದೆ ತೀರಿಕೊಂಡ. ಕೋರ್ಟು ಕಚೇರಿ ಅಂದರೆ ಬಿಳಿಯರದು, ಅಲ್ಲಿಗೆ ಹೋಗುವ ಧೈರ್ಯ ಯಾರಿಗಿತ್ತು? ಜಮೀನು ಎಲ್ಲ ಮಕ್ಕಳಿಗೆ ಒಟ್ಟಾಗಿ ಬಂತು, ಆಮೇಲೆ ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ. ಪೌತಿ ಖಾತೆ ಆಗದ, ವಿಭಾಗ ಆಗದ ಜಮೀನು ಅಂದರೆ ನಮ್ಮವರಿಗೆ ತಕ್ಷಣ ತಿಳಿಯುತ್ತದೆ. ಅಲ್ಲಿನ ಕಾನೂನಿನಲ್ಲಿ ಒಂದು ಅಪಾಯ ಇತ್ತು. ನೂರು ಪಾಲುದಾರರಲ್ಲಿ ಯಾರೋ ಒಬ್ಬ, ದೂರದ ನಗರದಲ್ಲಿರುವವನು, ತನ್ನ ಪುಟ್ಟ ಪಾಲನ್ನು ಹೊರಗಿನವನಿಗೆ ಮಾರಿದರೆ ಸಾಕು. ಕೊಂಡವನು ಕೋರ್ಟಿಗೆ ಹೋಗಿ ಇಡೀ ಜಮೀನು ಹರಾಜು ಹಾಕಿಸಬಹುದಿತ್ತು. 1956ರಲ್ಲಿ ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆ ಆಯಿತು. ರೆಸಾರ್ಟು, ಗಾಲ್ಫ್ ಮೈದಾನ ಬಂದವು. ಸೊಳ್ಳೆ ಕಡಿಯುವ ಕಡಲಂಚು ಅಂತ ಯಾರಿಗೂ ಬೇಡವಾಗಿದ್ದ ನೆಲಕ್ಕೆ ಬಂಗಾರದ ಬೆಲೆ ಬಂತು, ತೆರಿಗೆಯೂ ಏರಿತು. ಹರಾಜಿನಲ್ಲಿ ಜಮೀನು ಒಂದೊಂದಾಗಿ ಜಾರಿತು.

ಇದನ್ನು ತಡೆಯಲು 2010ರಲ್ಲಿ ಒಂದು ಮಾದರಿ ಕಾನೂನು ಸಿದ್ಧವಾಯಿತು. ಪಾಲು ಬೇಕು ಅಂತ ಒಬ್ಬ ಕೋರ್ಟಿಗೆ ಹೋದರೆ ಮೊದಲು ಜಮೀನಿಗೆ ನ್ಯಾಯವಾದ ಬೆಲೆ ಕಟ್ಟಿಸಬೇಕು, ಆ ಪಾಲನ್ನು ಕೊಳ್ಳಲು ಮನೆಯವರಿಗೇ ಮೊದಲ ಅವಕಾಶ ಕೊಡಬೇಕು. ಜಾರ್ಜಿಯಾ ಅದನ್ನು 2012ರಲ್ಲಿ ಒಪ್ಪಿತು, ಸೌತ್ ಕೆರೊಲಿನಾ 2016ರಲ್ಲಿ. ಸೌತ್ ಕೆರೊಲಿನಾ ಆ ಕಾನೂನಿಗೆ ಕ್ಲೆಮೆಂಟಾ ಪಿಂಕ್ನಿ ಅವರ ಹೆಸರಿಟ್ಟಿದೆ. ಅವರು ಆ ರಾಜ್ಯದ ಸೆನೆಟರ್, ಪಾದ್ರಿ. 2015ರ ಜೂನ್ 17ರ ಸಂಜೆ ಚಾರ್ಲ್‌ಸ್ಟನ್‌ನ ತಮ್ಮ ಚರ್ಚಿನಲ್ಲಿ ಬೈಬಲ್ ಓದಲು ಕೂತಿದ್ದಾಗ, ಕಪ್ಪು ಜನರ ಮೇಲಿನ ದ್ವೇಷದಿಂದ ಬಂದ ಒಬ್ಬ ಹುಡುಗ ಅವರನ್ನೂ ಇನ್ನೂ ಎಂಟು ಜನರನ್ನೂ ಗುಂಡಿಟ್ಟು ಕೊಂದ. ಈಗ ಆ ಕಡಲಂಚಿನ ಯಾವುದಾದರೂ ಕುಟುಂಬದ ಜಮೀನು ಪಾಲಿನ ಮೊಕದ್ದಮೆಗೆ ಬಂದರೆ, ಕೋರ್ಟು ನೋಡಬೇಕಾದ ಕಾನೂನು ಅವರ ಹೆಸರಿನದು.